ಅಧ್ಯಯನ ಪಾಠ: ಸಾಫ್ಟ್‌ಬಾಲ್ ತೀರ್ಪುಗಾರರ ತರಬೇತಿಯ ಮಹತ್ವ

ಓಕಳಿಪುರಂ ಬೆಂಗಳೂರಿನ ಮುಖ್ಯ ರೈಲು ನಿಲ್ದಾಣದ ಸಮೀಪದ ಹಳೆಯ ಬಡಾವಣೆ. ಕ್ರೀಡಾಕೂಟಗಳಿಗೆ ರೈಲಿನಲ್ಲಿ ಬರುವ ಗ್ರಾಮೀಣ ಮಕ್ಕಳು ಈ ಆಸುಪಾಸಿನಲ್ಲಿಯೇ ಇಳಿದು ನಗರದ ಮೈದಾನಗಳಿಗೆ ತೆರಳುತ್ತಾರೆ. ವರ್ಷವಿಡೀ ಅಭ್ಯಾಸ ಮಾಡಿದ ಬಾಲಕಿಯರ ತಂಡವೊಂದು ಒಂದೇ ತಪ್ಪು ತೀರ್ಪಿನಿಂದ ಸೋತು ಹಿಂದಿರುಗಿದರೆ, ಮರುವರ್ಷ ಅವರನ್ನು ಕಳುಹಿಸಲು ಪೋಷಕರು ಹಿಂಜರಿಯಬಹುದು. ಆದುದರಿಂದ ತೀರ್ಪುಗಾರರ ತರಬೇತಿಯು ಗ್ರಾಮ ಪಂಚಾಯಿತಿಯೂ ಗಮನಿಸಬೇಕಾದ ವಿಷಯವಾಗಿದೆ.

1. ಆಟದ ಪರಿಚಯ
ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಒಳಾಂಗಣ ಆಟವಾಗಿ ಆರಂಭವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಪರ್ಧೆಯಾಗಿ ಸೇರ್ಪಡೆಯಾಯಿತು. ಚೆಂಡನ್ನು ಕೈ ಕೆಳಗಿನಿಂದ ಬೀಸಿ ಎಸೆಯಲಾಗುತ್ತದೆ. ಪಂದ್ಯಕ್ಕೆ ಸಾಮಾನ್ಯವಾಗಿ 7 ಇನಿಂಗ್ಸ್. ಬೇಸ್‌ಗಳ ನಡುವಿನ ಅಂತರ 60 ಅಡಿ.

2. ಒಂದು ನಿದರ್ಶನ
ಮೊದಲ ಮತ್ತು ಎರಡನೆಯ ಬೇಸ್‌ಗಳಲ್ಲಿ ಓಟಗಾರ್ತಿಯರಿದ್ದಾರೆ. ಇಬ್ಬರಿಗಿಂತ ಕಡಿಮೆ ಆಟಗಾರ್ತಿಯರು ಔಟಾಗಿದ್ದಾರೆ. ಬ್ಯಾಟರ್ ಹೊಡೆದ ಚೆಂಡು ಒಳಮೈದಾನದಲ್ಲಿ ಮೇಲಕ್ಕೆ ಹಾರಿದೆ, ಸುಲಭವಾಗಿ ಹಿಡಿಯಬಹುದು. ಕ್ಯಾಚ್ ಆಗಬಹುದೆಂದು ಓಟಗಾರ್ತಿಯರು ತಮ್ಮ ಬೇಸ್ ಬಿಡಲಾರರು. ಕ್ಷೇತ್ರರಕ್ಷಕಿಯು ಬೇಕೆಂದೇ ಚೆಂಡನ್ನು ಕೆಡವಿದರೆ ಇಬ್ಬರನ್ನು ಔಟ್ ಮಾಡಬಹುದು. ಈ ಕುತಂತ್ರವನ್ನು ತಡೆಯಲೆಂದೇ ‘ಇನ್‌ಫೀಲ್ಡ್ ಫ್ಲೈ’ ನಿಯಮವಿದೆ. ಚೆಂಡು ಗಾಳಿಯಲ್ಲಿರುವಾಗಲೇ ತೀರ್ಪುಗಾರರು ಬ್ಯಾಟರ್ ಔಟ್ ಎಂದು ಗಟ್ಟಿಯಾಗಿ ಘೋಷಿಸಬೇಕು. ಆಗ ಚೆಂಡು ಕೆಳಗೆ ಬಿದ್ದರೂ ಓಟಗಾರ್ತಿಯರು ಓಡಲೇಬೇಕಾದ ಒತ್ತಡವಿರುವುದಿಲ್ಲ.

3. ತರಬೇತಿಯ ಪ್ರಯೋಜನ
ಈ ನಿಯಮವನ್ನು ಪುಸ್ತಕದಲ್ಲಿ ಓದಲು ಒಂದು ನಿಮಿಷ ಸಾಕು; ಮೈದಾನದಲ್ಲಿ ನಿರ್ಧರಿಸಲು ದೊರೆಯುವುದು ಕೆಲವೇ ಕ್ಷಣಗಳು. ಎಲ್ಲಿ ನಿಲ್ಲಬೇಕು, ಯಾವ ಕೋನದಿಂದ ನೋಡಬೇಕು, ಸಂಜ್ಞೆಯನ್ನು ಹೇಗೆ ತೋರಬೇಕು, ಜೊತೆಗಾರ ತೀರ್ಪುಗಾರರೊಂದಿಗೆ ಹೊಣೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಪುನರಾವರ್ತಿತ ಅಭ್ಯಾಸದಿಂದಲೇ ಸಿದ್ಧಿಸುತ್ತದೆ. ತರಬೇತಿ ಶಾಲೆಯಲ್ಲಿ ತಪ್ಪು ಮಾಡಿದರೆ ತಿದ್ದುವವರಿರುತ್ತಾರೆ. ಪಂದ್ಯದಲ್ಲಿ ಮಾಡಿದ ತಪ್ಪಿನ ಬೆಲೆಯನ್ನು ಮಕ್ಕಳು ತೆರುತ್ತಾರೆ.

1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ 10 ವಿಕೆಟ್ ಪಡೆದುದು ಎಲ್ಲರ ನೆನಪಿನಲ್ಲಿದೆ. ಅಂದಿನ ತೀರ್ಪುಗಾರರಲ್ಲಿ ಒಬ್ಬರು ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್ ಎಂಬುದು ಕೆಲವರಿಗಷ್ಟೇ ತಿಳಿದಿದೆ. ತೀರ್ಪುಗಾರರ ಸೇವೆ ಇಂತಹದು: ಹೆಸರು ಕಾಣದು, ಆದರೆ ಅದಿಲ್ಲದೆ ಪಂದ್ಯ ನಡೆಯದು.

4. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು
ಅ) ಆಸಕ್ತ ದೈಹಿಕ ಶಿಕ್ಷಣ ಶಿಕ್ಷಕರು, ಮಾಜಿ ಆಟಗಾರರು ಹಾಗೂ ವಿಶೇಷವಾಗಿ ಯುವತಿಯರನ್ನು ಗುರುತಿಸುವುದು.
ಆ) ವಿಷಯವನ್ನು ಗ್ರಾಮಸಭೆಯಲ್ಲಿ ಚರ್ಚೆಗೆ ತರುವುದು.
ಇ) ಪ್ರಯಾಣ ವೆಚ್ಚಕ್ಕೆ ನಿಯಮಾನುಸಾರ ಅವಕಾಶವಿದೆಯೇ ಎಂದು ಪರಿಶೀಲಿಸುವುದು.
ಈ) ತರಬೇತಿ ಪಡೆದವರಿಂದ ನೆರೆಯ ಗ್ರಾಮಗಳವರಿಗೂ ಕಲಿಸುವ ವ್ಯವಸ್ಥೆ ಮಾಡುವುದು.

ಚರ್ಚೆಗೆ: ಕಳೆದ ಕ್ರೀಡಾಕೂಟದಲ್ಲಿ ತಮ್ಮ ಪಂಚಾಯಿತಿಯ ಪಂದ್ಯಗಳಿಗೆ ತೀರ್ಪು ನೀಡಿದವರು ಯಾರು? ಅವರು ಎಲ್ಲಿ ತರಬೇತಿ ಪಡೆದಿದ್ದರು?