ಚೀಲ ಎಲ್ಲಿ ಬೀಳುತ್ತದೆ?

ಒಂಬತ್ತನೆಯ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠ ಅಭ್ಯಾಸಕ್ಕೆ ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ. ರಟ್ಟನ್ನು ಚಿಮ್ಮಿದರೆ ನಾಣ್ಯ ಲೋಟದೊಳಗೆ. ಉಪಕರಣ ಸುಲಭ, ಮಕ್ಕಳಿಗೆ ಖುಷಿ, ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಷರಾ. ಆದರೆ ಪಾಠಯೋಜನೆಯ ‘ಪೂರ್ವಜ್ಞಾನ ಪರೀಕ್ಷೆ’ ಎಂಬ ಕಲಮಿನಲ್ಲಿ ಇರುವುದು ಮೂರೇ ಬಾಯಿಪ್ರಶ್ನೆ: ಬಲ ಎಂದರೇನು, ಚಲನೆ ಎಂದರೇನು, ವೇಗದ ಏಕಮಾನ ಯಾವುದು. ಮಗು ಹಿಂದಿನ ವರ್ಷ ಓದಿದ್ದನ್ನು ಇವು ಕೇಳುತ್ತವೆ. ಹದಿನಾಲ್ಕು ವರ್ಷ ನಡೆದು, ಓಡಿ, ಬಿದ್ದು, ಚೆಂಡು ಹಿಡಿದು, ಕೊಡ ಹೊತ್ತು ಗಳಿಸಿದ್ದನ್ನು ಕೇಳುವುದಿಲ್ಲ. ಹಿರಿಯಡ್ಕದ ಒಂದು ಪ್ರೌಢಶಾಲೆಯಲ್ಲಿ ಮಾದರಿ ಪಾಠ ಕೊಡುವ ಸರದಿ ನನ್ನದಾದಾಗ ಆ ಕಲಮನ್ನೇ ಅಂಗಳಕ್ಕೆ ಒಯ್ದೆ.

ಮೊದಲು ತರಗತಿಯಲ್ಲಿ ಒಂದು ಚಿತ್ರ ಬರೆಸಿದೆ. ಓಡುತ್ತಿರುವ ಹುಡುಗಿ ಸೊಂಟದ ಎತ್ತರದಿಂದ ಮರಳಿನ ಪುಟ್ಟ ಚೀಲವೊಂದನ್ನು ಬಿಡುತ್ತಾಳೆ. ಎಸೆಯುವುದಿಲ್ಲ, ಬೆರಳು ಸಡಿಲಿಸುತ್ತಾಳೆ ಅಷ್ಟೆ. ಚೀಲದ ದಾರಿ ಯಾವುದು? ಹೆಚ್ಚಿನವರು ಬಿಟ್ಟ ಜಾಗದಿಂದ ನೇರ ಕೆಳಕ್ಕೆ ಗೆರೆ ಎಳೆದರು. ಕೆಲವರು ಹಿಂದಕ್ಕೆ ಎಳೆದು, ಗಾಳಿ ಹೊಡೆಯುತ್ತದಲ್ಲ ಎಂದರು. ಮುಂದಕ್ಕೆ ಎಳೆದವರು ತೀರ ಕಡಿಮೆ. ಹಾಳೆಗಳನ್ನು ಮಡಚಿ ಮೇಜಿನ ಮೇಲಿಟ್ಟು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದೆ.

ಅಂಗಳದ ನಡುವೆ ಬಕೆಟ್. ಅದರ ಪಕ್ಕದಲ್ಲೇ ಓಡುತ್ತಾ ಚೀಲವನ್ನು ಅದರೊಳಗೆ ಬೀಳಿಸಬೇಕು. ಮೊದಲ ಸರದಿಯಲ್ಲಿ ಬಹುತೇಕ ಎಲ್ಲರೂ ಬಕೆಟ್ಟಿನ ನೇರಕ್ಕೆ ಬಂದಾಗ ಬಿಟ್ಟರು. ಚೀಲ ಅದನ್ನು ದಾಟಿ ಆಚೆ ಬಿತ್ತು. ಮೂರನೆಯ ನಾಲ್ಕನೆಯ ಸಲಕ್ಕೆ ಕೈಗಳು ತಾವಾಗಿಯೇ ಮುಂಚಿತವಾಗಿ ಬಿಡತೊಡಗಿದವು. ನಾನು ಏನೂ ಹೇಳಿರಲಿಲ್ಲ. ಒಳಗೆ ಬಂದು ಅದೇ ಚಿತ್ರವನ್ನು ಇನ್ನೊಮ್ಮೆ ಬರೆಸಿದೆ. ಬಕೆಟ್ಟಿಗೆ ಸರಿಯಾಗಿ ಹಾಕಿದವರಲ್ಲಿಯೂ ಹಲವರು ಮತ್ತೆ ನೇರ ಕೆಳಕ್ಕೇ ಗೆರೆ ಎಳೆದರು!

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪ್ರಶಿಕ್ಷಣಾರ್ಥಿಗಳು ನೋಡಬೇಕಾದದ್ದು ಇದನ್ನೇ. ಕೈ ಕಲಿತಿತ್ತು, ಪೆನ್ಸಿಲು ಕಲಿತಿರಲಿಲ್ಲ. ಬೇಗ ಯಾಕೆ ಬಿಟ್ಟೆ ಎಂದು ಒಬ್ಬನನ್ನು ಕೇಳಿದರೆ, “ಬೆರಳು ಬಿಡಿಸಲಿಕ್ಕೆ ಹೊತ್ತು ಬೇಕಲ್ಲ ಸರ್” ಎಂದ. ಎಷ್ಟು ಜಾಣ ಉತ್ತರ ನೋಡಿ! ತನ್ನ ನೇರ ಗೆರೆಯನ್ನೂ ಉಳಿಸಿಕೊಂಡ, ಅಂಗಳದ ಅನುಭವವನ್ನೂ ವಿವರಿಸಿದ. ಚಟುವಟಿಕೆ ಮಾಡಿಸಿದರೆ ಪರಿಕಲ್ಪನೆ ತಾನಾಗಿ ಬದಲಾಗುತ್ತದೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವುದು ಎಷ್ಟು ಸಡಿಲ ಮಾತು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಇದು ನಮ್ಮೂರ ಮಕ್ಕಳ ದಡ್ಡತನವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮೈಕೆಲ್ ಮೆಕ್ಲಾಸ್ಕಿ ಮತ್ತು ಸಂಗಡಿಗರು 1983ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲೇ ಈ ‘ನೇರ ಕೆಳಗೆ’ ನಂಬಿಕೆಯನ್ನು ಕಂಡರು. ಅವರ ವಿವರಣೆ ಕಣ್ಣಿಗೆ ಸಂಬಂಧಿಸಿದ್ದು: ಓಡುವವನ ಜೊತೆಗೇ ಚೀಲವೂ ಮುಂದೆ ಸಾಗುವುದರಿಂದ, ಅವನನ್ನು ಆಧಾರವಾಗಿಟ್ಟು ನೋಡುವ ಕಣ್ಣಿಗೆ ಅದು ನೆಟ್ಟಗೆ ಇಳಿದಂತೆ ಕಾಣುತ್ತದೆ. ಅಂದರೆ ಮಗು ಕಂಡದ್ದನ್ನೇ ಬರೆದಿದೆ, ನೆಲವನ್ನು ಮಾತ್ರ ಮರೆತಿದೆ.

ಹಾಗಾಗಿ ಎರಡನೆಯ ಅವಧಿಯಲ್ಲಿ ನೆಲವನ್ನು ಒಳಗೆ ತಂದೆ. ದೂರದಲ್ಲಿ ಅಲುಗದೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿ, ನಿಲ್ಲಿಸಿ ನಿಲ್ಲಿಸಿ ತೋರಿಸಿದಾಗ ಚೀಲ ಬೆರಳು ಬಿಟ್ಟ ಕ್ಷಣ ಸ್ಪಷ್ಟವಾಯಿತು. ಹೊತ್ತು ಬೇಕೆಂಬ ವಾದ ಅಲ್ಲಿಗೆ ನಿಂತಿತು. ಲೆಕ್ಕ ಆಮೇಲೆ. ಒಂದು ಮೀಟರ್ ಎತ್ತರದಿಂದ ಬೀಳಲು ಸುಮಾರು 0.45 ಸೆಕೆಂಡು ಬೇಕು. ಸೆಕೆಂಡಿಗೆ 3 ಮೀಟರ್ ಓಡುವ ಹುಡುಗಿಯ ಚೀಲ ಅಷ್ಟರಲ್ಲಿ 1.35 ಮೀಟರ್ ಮುಂದೆ ಹೋಗಿರುತ್ತದೆ.

ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬಳು ಹುಡುಗಿ ಎರಡನೆಯ ಪ್ರಯತ್ನಕ್ಕೇ ಬಕೆಟ್ಟಿಗೆ ಹಾಕಿದ್ದಳು. ಕನ್ನಡದಲ್ಲಿ ತಡವರಿಸಿದವಳಿಗೆ ತುಳುವಿನಲ್ಲೇ ಹೇಳು ಎಂದೆ. ಅವಳು ಹೇಳಿದ್ದರ ಅರ್ಥ ಇಷ್ಟು: ನನ್ನ ಓಟ ಚೀಲಕ್ಕೂ ಇರುತ್ತದೆ. ಇದಕ್ಕೆ ಅಂಕ ಕೊಡಬಹುದೇ ಎಂದು ಪಾಠದ ನಂತರದ ಚರ್ಚೆಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು. ‘ಜಡತ್ವ’ ಎಂಬ ಪದ ಬರಲಿಲ್ಲವಲ್ಲ ಎಂಬುದು ಅವರ ಸಂಕಟ. ನನ್ನ ಮಟ್ಟಿಗೆ ಪೂರ್ಣ ಅಂಕ. ಪದ ನಾಳೆ ಬಂದೀತು. ಆದರೆ ಬೆನ್ನಿಗೇ ಇನ್ನೊಂದು ಪ್ರಶ್ನೆ ಕೇಳಬೇಕು: ಆ ಓಟ ತಾನಾಗಿ ಮುಗಿಯುತ್ತದೆಯೇ, ಇಲ್ಲ ಯಾರಾದರೂ ಮುಗಿಸಬೇಕೇ? ತಾನಾಗಿ ಮುಗಿಯುತ್ತದೆ ಎಂದರೆ ಮಗು ನ್ಯೂಟನ್ನನ ಬಳಿಯಲ್ಲಿಲ್ಲ, ಎಸೆದ ವಸ್ತುವಿನೊಳಗೆ ಒಂದು ತಳ್ಳು ತುಂಬಿಕೊಂಡು ಕ್ರಮೇಣ ಸವೆಯುತ್ತದೆ ಎಂದುಕೊಂಡ ಹಳೆಯ ಪಂಡಿತರ ಬಳಿಯಲ್ಲಿದೆ. ಅವಳು ಸ್ವಲ್ಪ ಯೋಚಿಸಿ, ನೆಲ ಮುಗಿಸುತ್ತದೆ ಎಂದಳು.

ಉಳಿದವನ್ನು ಬೇಗ ಹೇಳುತ್ತೇನೆ. ಹಿಮ್ಮಡಿ ಬೆನ್ನು ಎರಡೂ ಗೋಡೆಗೆ ತಾಗಿಸಿ ನಿಂತು, ಮಂಡಿ ಮಡಚದೆ, ಕಾಲ ಮುಂದಿನ ಸೀಮೆಸುಣ್ಣ ಹೆಕ್ಕಲು ಹೇಳಿ, ಮುಗ್ಗರಿಸುತ್ತಾರೆ. ಬೇರೆ ಹೊತ್ತಿನಲ್ಲಿ ಬಗ್ಗುವಾಗ ಸೊಂಟ ಹಿಂದಕ್ಕೆ ಸರಿದು ಭಾರವನ್ನು ಪಾದದ ಮೇಲೇ ಇಟ್ಟುಕೊಳ್ಳುತ್ತದೆ, ಗೋಡೆ ಅದಕ್ಕೆ ಬಿಡುವುದಿಲ್ಲ. ಸೊಂಟದಲ್ಲಿ ಕೊಡ ಇಟ್ಟವರು ಆಚೆಗೆ ವಾಲುವುದೂ ಇದೇ ಲೆಕ್ಕದಲ್ಲಿ. ಯಕ್ಷಗಾನ ಕಲಿಯುವ ಮಕ್ಕಳು ನಮ್ಮ ಶಾಲೆಗಳಲ್ಲಿ ಸಿಗುತ್ತಾರೆ. ಗಿರಕಿಯಲ್ಲಿ ಕೈ ಚಾಚಿದರೆ ತಿರುಗು ನಿಧಾನ, ಮೈಗೆ ತಂದರೆ ಚುರುಕು ಎಂಬುದನ್ನು ಅವರಿಂದಲೇ ಮಾಡಿಸಿ ತೋರಿಸಬಹುದು. ಮದ್ದಲೆಯ ಬಿಡ್ತಿಗೆಗೆ ಸರಿಯಾಗಿ ನಿಲ್ಲಬೇಕಾದವರು ಈ ವೇಗವನ್ನು ಕೈಯಲ್ಲೇ ಹಿಡಿದಿರಬೇಕು. ಹಿರಿಯಡ್ಕ ಗೋಪಾಲ ರಾಯರಂಥ ಮದ್ದಲೆಗಾರರ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಕೋನೀಯ ಸಂವೇಗ ಎಂಬ ಹೆಸರನ್ನು ಮಾತ್ರ ಒಂಬತ್ತನೆಯ ತರಗತಿಯಲ್ಲಿ ಎತ್ತಬೇಡಿ.

ಬಸ್ಸಿನ ಉದಾಹರಣೆ ಮಾತಿನಲ್ಲಷ್ಟೇ ಇರಲಿ. ಪರ್ಕಳ, ಆತ್ರಾಡಿ ದಾಟಿ ಬರುವ ಬಸ್ಸಿನಲ್ಲಿ ಕಂಡಕ್ಟರು ಏನನ್ನೂ ಹಿಡಿಯದೆ ಚಿಲ್ಲರೆ ಎಣಿಸುತ್ತಾ ನಿಲ್ಲುವುದು ಹೇಗೆ ಎಂದು ಕೇಳಿದರೆ ಸಾಕು, ಕಾಲು ಅಗಲಿಸಿ ತಿರುವಿಗೆ ಮೊದಲೇ ವಾಲುವುದನ್ನು ಮಕ್ಕಳು ಎದ್ದು ನಿಂತು ಅಭಿನಯಿಸುತ್ತಾರೆ. ಚಲಿಸುವ ಬಸ್ಸಿನಿಂದ ಇಳಿಯುವುದನ್ನು ಚರ್ಚೆಗೂ ತರಬೇಡಿ. ಅದನ್ನು ಪ್ರಯೋಗ ಮಾಡಿ ನೋಡುವವರು ತರಗತಿಗೊಬ್ಬರು ಇದ್ದೇ ಇರುತ್ತಾರೆ.

ಗಂಟೆ ಹೊಡೆಯುವ ಹೊತ್ತಿಗೆ ಬೆರಳಿನ ವಾದ ಹೂಡಿದ್ದ ಹುಡುಗ ಕೇಳಿದ: ಕಂಡಕ್ಟರ ಕೈಯಿಂದ ನಾಣ್ಯ ಬಿದ್ದರೆ ಅವರ ಕಾಲ ಬುಡದಲ್ಲೇ ಸಿಗುತ್ತದಲ್ಲ ಸರ್, ಮುಂದೆ ಯಾಕೆ ಹೋಗುವುದಿಲ್ಲ? ಉತ್ತರ ಹೇಳಲಿಲ್ಲ. ಬಸ್ಸಿನ ವೇಗ ಗಂಟೆಗೆ 36 ಕಿಲೋಮೀಟರ್, ಕೈಯ ಎತ್ತರ ಒಂದು ಮೀಟರ್ ಎಂದು ಹಲಗೆಯ ಮೇಲೆ ಬರೆದು, ರಸ್ತೆ ಬದಿಯಲ್ಲಿ ನಿಂತವನಿಗೆ ಆ ನಾಣ್ಯ ಎಷ್ಟು ದೂರ ಹೋದಂತೆ ಕಾಣುತ್ತದೆ ಎಂದು ಕೇಳಿದೆ. ಮರುದಿನ ಪಾಠ ತೆಗೆದುಕೊಂಡ ಪ್ರಶಿಕ್ಷಣಾರ್ಥಿಗೆ ನಾಲ್ಕೂವರೆ ಮೀಟರ್ ಎಂಬ ಉತ್ತರ ಸಿಕ್ಕಿತು, ಎರಡು ಚಿತ್ರಗಳ ಸಮೇತ: ಒಂದು ಬಸ್ಸಿನೊಳಗಿನಿಂದ, ಇನ್ನೊಂದು ರಸ್ತೆಯಿಂದ.