ಹಕ್ಕಿ ಜ್ವರವು ಮನುಷ್ಯರಲ್ಲಿ ತಾಳುವ ಉಗ್ರತೆ

ಗುಬ್ಬಿ ತಾಲ್ಲೂಕಿನ ಬೇಸಾಯಗಾರರಿಗೆ ಕೋಳಿಯ ಸಂಬಂಧವು ಒಂದಲ್ಲ ಒಂದು ವಿಧದಲ್ಲಿ ಇದ್ದೇ ಇರುವುದು. ಕೆಲವರು ಹಿತ್ತಲಿನಲ್ಲಿ ನಾಟಿಕೋಳಿಗಳನ್ನು ಸಾಕುವರು. ಕೆಲವರು ದೊಡ್ಡ ಫಾರಂಗಳನ್ನು ನಡೆಸುವರು. ಕೋಳಿಯನ್ನೇ ಸಾಕದ ತೋಟದ ಯಜಮಾನನೂ ತೆಂಗು ಅಡಕೆಗಳ ಬುಡಕ್ಕೆ ಹಾಕಲು ಕೋಳಿಗೊಬ್ಬರವನ್ನು ಲಾರಿಯಲ್ಲಿ ತರಿಸುವುದುಂಟು. ಆದಕಾರಣ ಕೋಳಿಗಳಿಗೆ ಬರುವ ರೋಗಗಳಲ್ಲಿ ಮನುಷ್ಯನಿಗೂ ಹರಡಬಲ್ಲ ರೋಗ ಯಾವುದೆಂಬುದನ್ನು ಗ್ರಾಮಮುಖಂಡರೂ ಜಮೀನುದಾರರೂ ಅರಿತಿರುವುದು ಅವಶ್ಯ. ಅಂತಹ ರೋಗಗಳಲ್ಲಿ ಹಕ್ಕಿ ಜ್ವರವು ಮುಖ್ಯವಾದದ್ದು.

ಈ ರೋಗದ ವಿಷಯದಲ್ಲಿ ಹಳ್ಳಿಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುವು. ಮನುಷ್ಯನಿಗೆ ಅದು ತಗುಲಿದರೆ ಸಾವು ಖಂಡಿತವೆಂದು ಕೆಲವರು ಅಂಜುವರು. ಕೋಳಿಯ ಕಾಯಿಲೆಯು ಮನುಷ್ಯನಿಗೆ ಎಲ್ಲಿ ಬಂದೀತೆಂದು ಕೆಲವರು ಉದಾಸೀನ ಮಾಡುವರು. ಎರಡೂ ಸರಿಯಲ್ಲ. ರೋಗವು ಮನುಷ್ಯನಿಗೆ ತಗುಲುವುದು ಅಪರೂಪ. ಆದರೆ ತಗುಲಿ ಆಸ್ಪತ್ರೆ ಸೇರುವಷ್ಟಾದರೆ ಅದು ಬಹು ಉಗ್ರವಾಗಿರುವುದು. ಆ ಉಗ್ರತೆಯು ಹೆಚ್ಚುವುದೂ ತಗ್ಗುವುದೂ ಬಹುಮಟ್ಟಿಗೆ ಚಿಕಿತ್ಸೆ ಆರಂಭವಾದ ದಿನವನ್ನು ಅವಲಂಬಿಸಿರುವುದು. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ರೋಗವು ಸಮೀಪಕ್ಕೆ ಬಂದಿರುವುದು

ಭಾರತದ ಕೋಳಿಗಳಲ್ಲಿ ಈ ರೋಗವು ಮೊದಲು ಗೊತ್ತಾದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣಾ ಸಂಸ್ಥೆಯಲ್ಲಿ ಕಾಣಿಸಿಕೊಂಡಿತು. 2020ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿಯೂ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿಯೂ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿಯೂ ಕಂಡುಬಂದಿತು. ಚಿಕ್ಕಬಳ್ಳಾಪುರವು ತುಮಕೂರು ಜಿಲ್ಲೆಗೆ ನೆರೆಯ ಜಿಲ್ಲೆ. ಕೆರೆಗಳಿಗೆ ಬಂದು ಹೋಗುವ ಬಾತು ಮೊದಲಾದ ನೀರುಹಕ್ಕಿಗಳು ರೋಗದ ವೈರಾಣುವನ್ನು ಹೊತ್ತು ತರಬಲ್ಲವು. ಕೋಳಿಯನ್ನೂ ಮೊಟ್ಟೆಯನ್ನೂ ಗೊಬ್ಬರವನ್ನೂ ಸಾಗಿಸುವ ಗಾಡಿಗಳು ಅದನ್ನು ಒಂದು ಊರಿನಿಂದ ಮತ್ತೊಂದಕ್ಕೆ ಒಯ್ಯಬಲ್ಲವು.

ಭಾರತದಲ್ಲಿ ಮನುಷ್ಯರಿಗೆ ಎಚ್5ಎನ್1 ಎಂಬ ಜಾತಿಯ ಹಕ್ಕಿ ಜ್ವರವು ತಗುಲಿ ಸಾವುಂಟಾದ ಸಂದರ್ಭಗಳು ಬೆರಳೆಣಿಕೆಯಷ್ಟು ಮಾತ್ರ. 2021ರ ಜುಲೈ ತಿಂಗಳಲ್ಲಿ ಹರಿಯಾಣದ 11 ವರ್ಷದ ಬಾಲಕನೊಬ್ಬನು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡನು. 2025ರ ಮಾರ್ಚ್ ತಿಂಗಳಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ 2 ವರ್ಷದ ಮಗುವೊಂದು ಮೃತಪಟ್ಟಿತು. ಆ ಮಗುವು ಹಸಿ ಕೋಳಿಮಾಂಸದ ಚೂರನ್ನು ತಿಂದಿತ್ತೆಂದು ವರದಿಯಾಯಿತು.

ಮನುಷ್ಯನ ದೇಹದಲ್ಲಿ ನಡೆಯುವುದೇನು

ಸಾಮಾನ್ಯವಾದ ನೆಗಡಿ ಜ್ವರದ ವೈರಾಣುಗಳು ಮೂಗು ಗಂಟಲುಗಳಲ್ಲಿ ನೆಲೆಗೊಳ್ಳುವುವು. ಹಕ್ಕಿ ಜ್ವರದ ವೈರಾಣುವು ಅಂಟಿಕೊಳ್ಳಲು ಬೇಕಾದ ಕಣಗಳು ಮನುಷ್ಯನ ಮೂಗು ಗಂಟಲುಗಳಲ್ಲಿ ಕಡಮೆ, ಶ್ವಾಸಕೋಶದ ಆಳದಲ್ಲಿ ಹೆಚ್ಚು. ಇದರಿಂದ ಎರಡು ಪರಿಣಾಮಗಳಾಗುವುವು. ಒಂದು, ವೈರಾಣುವು ಮನುಷ್ಯನಿಗೆ ಸುಲಭವಾಗಿ ತಗುಲದು; ಒಬ್ಬರಿಂದ ಒಬ್ಬರಿಗೆ ಹರಡುವುದು ಅದಕ್ಕಿಂತಲೂ ವಿರಳ. ಎರಡು, ಒಮ್ಮೆ ಆಳಕ್ಕೆ ಇಳಿದರೆ ಅದು ಉಸಿರಿನ ಮೂಲಕ್ಕೇ ಪೆಟ್ಟು ಕೊಡುವುದು. ಗಾಳಿಯಿರಬೇಕಾದ ಗೂಡುಗಳಲ್ಲಿ ನೀರು ತುಂಬಿಕೊಳ್ಳುವುದು. ವೈರಾಣುವನ್ನು ಎದುರಿಸಲು ದೇಹವು ಎಬ್ಬಿಸುವ ಉರಿಯೂತವೇ ಮಿತಿಮೀರಿ ಶ್ವಾಸಕೋಶವನ್ನು ಕೆಡಿಸುವುದು. ರಕ್ತಕ್ಕೆ ಪ್ರಾಣವಾಯುವು ಸಾಲದೆ ಮೂತ್ರಪಿಂಡ ಮೊದಲಾದ ಅಂಗಗಳು ಸೋಲುವುವು.

ಕೋಳಿಯ ಸಂಪರ್ಕವಾದ ಮೇಲೆ ಸಾಮಾನ್ಯವಾಗಿ 2ರಿಂದ 5 ದಿನಗಳಲ್ಲಿ, ಕೆಲವೊಮ್ಮೆ ಅದಕ್ಕೂ ತಡವಾಗಿ, ಜ್ವರವು ಆರಂಭವಾಗುವುದು. ಮೊದಲಿಗೆ ಕೆಮ್ಮು, ಮೈಕೈ ನೋವು, ತಲೆನೋವು. ಕೆಲವರಿಗೆ ಭೇದಿಯಾಗುವುದು, ಇದನ್ನು ಕಂಡು ಹೊಟ್ಟೆಯ ಕಾಯಿಲೆಯೆಂದು ಮೋಸಹೋಗುವುದುಂಟು. ಜ್ವರ ಬಂದ ಸುಮಾರು 5ನೆಯ ದಿನಕ್ಕೆ ಏದುಸಿರು ಕಾಣಿಸಿಕೊಳ್ಳುವುದು. ಸಾವಿಗೀಡಾದವರಲ್ಲಿ ಹೆಚ್ಚಿನವರು 9 ಅಥವಾ 10ನೆಯ ದಿನದ ಸುಮಾರಿಗೆ ತೀರಿಕೊಂಡಿರುವರು. ಹೀಗೆ ಮೊದಲ ಜ್ವರಕ್ಕೂ ಪ್ರಾಣಾಪಾಯಕ್ಕೂ ನಡುವೆ ಇರುವ ಅವಧಿಯು ಒಂದು ವಾರದ ಸಂತೆಯಿಂದ ಮುಂದಿನ ಸಂತೆಯವರೆಗಿನ ಕಾಲಕ್ಕಿಂತ ಹೆಚ್ಚೇನೂ ಅಲ್ಲ.

ಆಸ್ಪತ್ರೆ ಸೇರಿದವರಲ್ಲಿ ಕಂಡುಬಂದ ವಿಷಯಗಳು

2004ರಲ್ಲಿ ವಿಯೆಟ್ನಾಂ ದೇಶದ ಆಸ್ಪತ್ರೆಗಳಲ್ಲಿದ್ದ 10 ಮಂದಿ ರೋಗಿಗಳ ವಿವರವನ್ನು ವೈದ್ಯರು ಪ್ರಕಟಿಸಿದರು. ಹೆಚ್ಚಿನವರು ಮಕ್ಕಳು ಮತ್ತು ತರುಣರು. ಯಾರಿಗೂ ಮೊದಲಿನಿಂದ ಬೇರೆ ಕಾಯಿಲೆಯಿರಲಿಲ್ಲ. 9 ಮಂದಿ ಕೋಳಿಗಳನ್ನು ನೇರವಾಗಿ ಮುಟ್ಟಿದ್ದರು. ಎಲ್ಲರಿಗೂ ತೀವ್ರ ಜ್ವರವಿತ್ತು, ಎಲ್ಲರ ಎದೆಯ ಎಕ್ಸ್‌ರೇ ಚಿತ್ರದಲ್ಲಿಯೂ ದೋಷವು ಕಂಡಿತು, ಎಲ್ಲರ ರಕ್ತದಲ್ಲಿಯೂ ರೋಗವನ್ನು ಎದುರಿಸುವ ಬಿಳಿಯ ಕಣಗಳು ಕುಗ್ಗಿದ್ದುವು. 7 ಮಂದಿಗೆ ಭೇದಿಯಾಗುತ್ತಿತ್ತು. ಅವರಲ್ಲಿ 8 ಮಂದಿ ತೀರಿಕೊಂಡರು. ಮೈಕಟ್ಟು ಗಟ್ಟಿಯಾಗಿರುವ ಹರೆಯದವನಿಗೆ ಏನೂ ಆಗದೆಂಬ ನಂಬಿಕೆಯು ಈ ರೋಗದಲ್ಲಿ ಸಲ್ಲದೆಂಬುದಕ್ಕೆ ಇದು ಸಾಕ್ಷಿ.

2013ರಲ್ಲಿ ಚೀನಾ ದೇಶದಲ್ಲಿ ಎಚ್7ಎನ್9 ಎಂಬ ಮತ್ತೊಂದು ಜಾತಿಯು ಕಾಣಿಸಿಕೊಂಡಿತು. ಅದು ಮುಖ್ಯವಾಗಿ ವಯಸ್ಸಾದವರನ್ನೂ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಮೊದಲಾದವು ಇರುವವರನ್ನೂ ಹಿಡಿಯಿತು. ಆಸ್ಪತ್ರೆ ಸೇರಿದ 111 ಮಂದಿಯನ್ನು ಪರಿಶೀಲಿಸಿದಾಗ 100ಕ್ಕೆ 77ರಷ್ಟು ಮಂದಿಯನ್ನು ತೀವ್ರ ನಿಗಾ ಘಟಕದಲ್ಲಿ ಇರಿಸಬೇಕಾಗಿ ಬಂದಿದ್ದಿತು. 100ಕ್ಕೆ 27ರಷ್ಟು ಮಂದಿ ಅಷ್ಟರೊಳಗೆ ಮೃತಪಟ್ಟಿದ್ದರು. ಹಕ್ಕಿ ಜ್ವರದ ಎಲ್ಲ ಜಾತಿಗಳೂ ಒಂದೇ ತೆರನಲ್ಲ, ಒಂದೇ ವಯಸ್ಸಿನವರನ್ನು ಹಿಡಿಯುವುದೂ ಇಲ್ಲ ಎಂಬುದು ಇದರಿಂದ ತಿಳಿಯುವುದು.

ಅಂಕಿಗಳನ್ನು ಅರ್ಥಮಾಡಿಕೊಳ್ಳಬೇಕಾದ ರೀತಿ

2003ರಿಂದ 2025ರ ಮಧ್ಯದವರೆಗೆ ಎಚ್5ಎನ್1 ಜಾತಿಯ ಜ್ವರವು ಪ್ರಪಂಚದಲ್ಲಿ ಸುಮಾರು 990 ಮಂದಿಗೆ ತಗುಲಿರುವುದು ದೃಢಪಟ್ಟಿತು; ಅವರಲ್ಲಿ ಸುಮಾರು 475 ಮಂದಿ, ಎಂದರೆ ಹೆಚ್ಚುಕಡಮೆ ಅರ್ಧದಷ್ಟು ಜನ, ಮೃತಪಟ್ಟರು. ಈ ಲೆಕ್ಕವನ್ನು ಕೇಳಿ ಧೈರ್ಯಗೆಡಬೇಕಾದುದಿಲ್ಲ. ಲೆಕ್ಕಕ್ಕೆ ಸಿಕ್ಕಿದವರಲ್ಲಿ ಬಹುಮಂದಿ ರೋಗವು ಬಲಿತು ಆಸ್ಪತ್ರೆಗೆ ಬಂದವರು. ಜ್ವರವು ಹಗುರವಾಗಿ ಬಂದು ಮನೆಯಲ್ಲಿಯೇ ಗುಣವಾದವನ ಗಂಟಲಿನ ದ್ರವವನ್ನು ಯಾರೂ ಪರೀಕ್ಷಿಸುವುದಿಲ್ಲ. ಅವನು ಲೆಕ್ಕಕ್ಕೂ ಸೇರುವುದಿಲ್ಲ. ಕೊಯ್ಲಿನ ಕಾಲದಲ್ಲಿ ಹುಳು ಹತ್ತಿದ ತೆನೆಗಳನ್ನು ಮಾತ್ರ ಎಣಿಸಿ ಇಡೀ ಹೊಲದ ಬೆಳೆಯನ್ನು ಅಂದಾಜು ಮಾಡಿದಂತೆ ಇದಾಗುವುದು.

ಅಮೆರಿಕ ದೇಶದಲ್ಲಿ 2024ರಲ್ಲಿ ಹಾಲು ಕರೆಯುವ ಹಸುಗಳಿಗೂ ಈ ರೋಗವು ಹರಡಿದಾಗ, ದನದ ಕೊಟ್ಟಿಗೆಗಳಲ್ಲಿಯೂ ಕೋಳಿ ಫಾರಂಗಳಲ್ಲಿಯೂ ದುಡಿಯುವವರನ್ನು ಹುಡುಕಿ ಪರೀಕ್ಷಿಸಲಾಯಿತು. 2025ರ ಮೊದಲ ತಿಂಗಳುಗಳ ವೇಳೆಗೆ 70 ಮಂದಿಗೆ ರೋಗವು ತಗುಲಿದ್ದು ಗೊತ್ತಾಯಿತು. ಹೆಚ್ಚಿನವರಿಗೆ ಕಣ್ಣು ಕೆಂಪಾಗಿ ಸ್ವಲ್ಪ ಜ್ವರ ಬಂದು ಹೋಯಿತು. ಅವರಲ್ಲಿ ಮೃತನಾದವನು ಒಬ್ಬನೇ. ಆ ಜನರನ್ನು ಹಿಡಿದದ್ದು ಬೇರೆ ಉಪಜಾತಿಯೆಂಬುದೂ ನಿಜ. ಜತೆಗೆ ಅವರನ್ನು ಬೇಗ ಗುರುತಿಸಿ ಔಷಧವನ್ನು ಕೊಟ್ಟುದೂ ನಿಜ. ಅಂತೂ ಆಸ್ಪತ್ರೆಯ ಅಂಕಿಯು ರೋಗವು ಬಲಿತ ಮೇಲಿನ ಅಪಾಯವನ್ನು ತೋರಿಸುವುದೇ ಹೊರತು ಸೋಂಕು ತಗುಲಿದ ಪ್ರತಿಯೊಬ್ಬನ ಹಣೆಬರಹವನ್ನಲ್ಲ.

ವಿಳಂಬವೇ ಮುಖ್ಯ ಶತ್ರು

ಈ ರೋಗಕ್ಕೆ ಒಸೆಲ್ಟಾಮಿವಿರ್ ಎಂಬ ಔಷಧವುಂಟು. ಎಚ್1ಎನ್1 ಜ್ವರಕ್ಕೆ ಕೊಡುವುದೂ ಇದನ್ನೇ. ವೈರಾಣುವು ವೃದ್ಧಿಯಾಗುವುದನ್ನು ಇದು ತಡೆಯುವುದು. ಆದರೆ ಈಗಾಗಲೇ ಕೆಟ್ಟುಹೋದ ಶ್ವಾಸಕೋಶವನ್ನು ಸರಿಪಡಿಸದು. ಆದುದರಿಂದ ಜ್ವರ ಬಂದ 48 ಗಂಟೆಗಳೊಳಗೆ ಆರಂಭಿಸಿದರೆ ಫಲವು ಅತಿ ಹೆಚ್ಚು. 12 ದೇಶಗಳ 308 ಮಂದಿ ಎಚ್5ಎನ್1 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಔಷಧವನ್ನು ಪಡೆದವರಲ್ಲಿ 100ಕ್ಕೆ 60 ಮಂದಿ ಬದುಕಿದರೆ, ವೈರಾಣುವಿನ ಔಷಧವನ್ನೇ ಪಡೆಯದವರಲ್ಲಿ ಬದುಕಿದವರು 24 ಮಂದಿ ಮಾತ್ರ. ತಡವಾಗಿ, ಎಂದರೆ 6ರಿಂದ 8 ದಿನಗಳ ಮೇಲೆ ಆರಂಭಿಸಿದವರಿಗೂ ಸ್ವಲ್ಪ ಪ್ರಯೋಜನವು ಕಂಡಿತು.

ಹಾಗಿದ್ದರೂ ತಡವಾಗುವುದೇಕೆ? ಮೊದಲ ದಿನಗಳಲ್ಲಿ ಈ ಜ್ವರಕ್ಕೂ ಬೇರೆ ಜ್ವರಗಳಿಗೂ ವ್ಯತ್ಯಾಸವು ಕಾಣದು. ವೈದ್ಯನು ರೋಗಿಯನ್ನು ನೋಡಿದ ಮಾತ್ರಕ್ಕೆ ಹಕ್ಕಿ ಜ್ವರವೆಂದು ಹೇಳಲಾರನು; ವೈರಾಣುವು ಆಳದಲ್ಲಿರುವುದರಿಂದ ಮೂಗಿನ ದ್ರವದ ಪರೀಕ್ಷೆಯಲ್ಲಿಯೂ ಅದು ತಪ್ಪಿಸಿಕೊಳ್ಳುವುದುಂಟು. ಕೋಳಿಗಳು ಸತ್ತ ಸಮಾಚಾರವೊಂದೇ ವೈದ್ಯನಿಗೆ ದಾರಿ ತೋರಿಸತಕ್ಕದ್ದು. ಆ ಸಮಾಚಾರವು ಇರುವುದು ಊರಿನಲ್ಲಿ. ಕೋಳಿಗಳನ್ನು ಕೊಲ್ಲಿಸುವರೆಂಬ ಭಯದಿಂದ ಫಾರಂ ಯಜಮಾನನು ಅದನ್ನು ಮುಚ್ಚಿಟ್ಟರೆ, ಅಥವಾ ದಿನಗೂಲಿಯು ಹೋಗುವುದೆಂದು ಆಳು ಜ್ವರವನ್ನು ಮರೆಮಾಡಿ ಕೆಲಸಕ್ಕೆ ಬಂದರೆ, ಔಷಧವು ಗುಬ್ಬಿಯಲ್ಲಿದ್ದರೂ ರೋಗಿಗೆ ದಕ್ಕದೆ ಹೋಗುವುದು.

ಮುಖಂಡರೂ ಜಮೀನುದಾರರೂ ಅನುಸರಿಸತಕ್ಕ ಕ್ರಮಗಳು

1. ಕೋಳಿಗಳು ಒಮ್ಮೆಲೇ ಗುಂಪಾಗಿ ಸಾಯತೊಡಗಿದರೆ, ಅಥವಾ ಅವುಗಳ ತಲೆ ಊದಿ ಜುಟ್ಟು ನೀಲಿಯಾದರೆ, ಅಥವಾ ಕೆರೆಯ ಬಳಿ ಕಾಡುಹಕ್ಕಿಗಳು ಸತ್ತು ಬಿದ್ದಿದ್ದರೆ, ಅದೇ ದಿನ ಪಶುವೈದ್ಯರಿಗೆ, ಅಥವಾ 1962 ಸಂಖ್ಯೆಗೆ ಫೋನ್ ಮಾಡಿ, ತಿಳಿಸತಕ್ಕದ್ದು. ಸರ್ಕಾರವು ಪರಿಹಾರ ಕೊಡುವುದು ಅಧಿಕಾರಿಗಳು ಕೊಲ್ಲಿಸಿದ ಕೋಳಿಗಳಿಗೆ. ಅದಕ್ಕೆ ಮುಂಚೆ ತಾವಾಗಿ ಸತ್ತವುಗಳಿಗಲ್ಲ. ಆದ್ದರಿಂದ ಮುಚ್ಚಿಡುವವನಿಗೆ ಹಣದ ನಷ್ಟವೂ ಹೆಚ್ಚು.

2. ಸತ್ತ ಹಕ್ಕಿಗಳನ್ನು ಬರಿಗೈಯಿಂದ ಮುಟ್ಟಕೂಡದು. ಕೆರೆಗೆ, ಹಳ್ಳಕ್ಕೆ, ರಸ್ತೆಯ ಬದಿಗೆ ಎಸೆಯಕೂಡದು. ಮಕ್ಕಳನ್ನು ಹತ್ತಿರ ಬಿಡಕೂಡದು. ಕಾಯಿಲೆಯ ಕೋಳಿಯನ್ನು ಕೊಯ್ದು ಹಂಚುವುದು ಎಲ್ಲಕ್ಕಿಂತ ಅಪಾಯಕರ.

3. ಅಂತಹ ಕೋಳಿಗಳನ್ನು ಮುಟ್ಟಿದವರ, ಪುಕ್ಕ ಕಿತ್ತವರ, ಗೂಡು ಗುಡಿಸಿದವರ ಹೆಸರುಗಳನ್ನು ಬರೆದಿಟ್ಟು, 10 ದಿನಗಳವರೆಗೆ ಅವರ ಯೋಗಕ್ಷೇಮವನ್ನು ದಿನವೂ ವಿಚಾರಿಸತಕ್ಕದ್ದು. ಮುಂಜಾಗ್ರತೆಯಾಗಿ ಔಷಧವು ಬೇಕೆ ಎಂಬುದನ್ನು ವೈದ್ಯರು ನಿರ್ಣಯಿಸುವರು.

4. ಅವರಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಕಣ್ಣುರಿ ಅಥವಾ ಭೇದಿ ಕಂಡರೆ ಆ ದಿನವೇ ಮುಖಕ್ಕೆ ಮಾಸ್ಕ್ ಕಟ್ಟಿಸಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಏದುಸಿರಿದ್ದರೆ 108ರ ವಾಹನವನ್ನು ಕರೆಸಬೇಕು. ಗುಬ್ಬಿಯಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಇರುವ ದೂರವು ಸುಮಾರು 20 ಕಿಲೋಮೀಟರ್ ಮಾತ್ರ. ವೈದ್ಯರನ್ನು ಕಂಡೊಡನೆ ಹೇಳತಕ್ಕ ಮೊದಲ ಮಾತು, “ನಮ್ಮಲ್ಲಿ ಕೋಳಿಗಳು ಸತ್ತಿವೆ, ಈತನು ಅವನ್ನು ಮುಟ್ಟಿದ್ದಾನೆ” ಎಂಬುದು.

5. ಅಂಗಡಿಯಿಂದ ಮಾತ್ರೆ ತಂದು ನುಂಗಿಸುತ್ತ ದಿನ ಕಳೆಯಕೂಡದು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಕೂಡದು. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ವೈದ್ಯರು ಔಷಧವನ್ನು ಆರಂಭಿಸಿದರೆ ಅದು ಸರಿಯಾದ ಕ್ರಮವೆಂದು ರೋಗಿಯ ಕಡೆಯವರಿಗೆ ತಿಳಿಯಹೇಳಬೇಕು.

6. ರೋಗವಿರುವ ಸೀಮೆಯಿಂದ ಕೋಳಿಗೊಬ್ಬರವನ್ನು ತರಿಸಕೂಡದು. ಬೇರೆಡೆಯಿಂದ ತಂದುದನ್ನೂ ಒಣಧೂಳು ಏಳದಂತೆ ನೀರು ಚಿಮುಕಿಸಿ ಇಳಿಸಬೇಕು. ಇಳಿಸುವ ಆಳುಗಳಿಗೆ ಮಾಸ್ಕ್, ಕೈಗವಸು ಮತ್ತು ಸೋಪುಗಳನ್ನು ಯಜಮಾನನೇ ಒದಗಿಸಬೇಕು.

7. ಆರೋಗ್ಯವಾದ ಕೋಳಿಯ ಮಾಂಸವನ್ನೂ ಮೊಟ್ಟೆಯನ್ನೂ ಒಳಗಿನವರೆಗೆ ಚೆನ್ನಾಗಿ ಬೇಯಿಸಿ ಉಣ್ಣಲು ಅಂಜಬೇಕಾದುದಿಲ್ಲ. 70 ಡಿಗ್ರಿಯ ಕಾವಿನಲ್ಲಿ ವೈರಾಣುವು ನಾಶವಾಗುವುದು. ಹಸಿಮಾಂಸವನ್ನು ಮುಟ್ಟಿದ ಕೈ, ಕತ್ತಿ, ಮಣೆಗಳನ್ನು ಸೋಪಿನಿಂದ ತೊಳೆಯಬೇಕು.

8. ಜ್ವರವೆಂದು ಹೇಳಿಕೊಂಡು ಬಂದ ಆಳಿಗೆ ಆ ದಿನಗಳ ಕೂಲಿಯನ್ನು ಹಿಡಿಯಕೂಡದು.

ಈ ಕಡೆಯ ಕ್ರಮವು ಚಿಕ್ಕದಾಗಿ ತೋರಿದರೂ ಉಳಿದವುಗಳಿಗೆಲ್ಲ ಆಧಾರವಾದದ್ದು. 1997ರಲ್ಲಿ ಹಾಂಗ್‌ಕಾಂಗ್ ನಗರದಲ್ಲಿ 18 ಮಂದಿಗೆ ಹಕ್ಕಿ ಜ್ವರವು ತಗುಲಿ 6 ಮಂದಿ ಮೃತರಾದರು. ಅಲ್ಲಿನ ಅಧಿಕಾರಿಗಳು ಫಾರಂಗಳಲ್ಲಿಯೂ ಮಾರುಕಟ್ಟೆಗಳಲ್ಲಿಯೂ ಇದ್ದ ಹತ್ತು ಲಕ್ಷಕ್ಕೂ ಹೆಚ್ಚಿನ ಕೋಳಿಗಳನ್ನು ಕೊಲ್ಲಿಸಿದ ಮೇಲೆ ಮನುಷ್ಯರಿಗೆ ತಗುಲುವುದು ನಿಂತಿತು. ದೊಡ್ಡ ನಗರದಲ್ಲಿ ಸರ್ಕಾರವು ಮಾಡಿದ ಆ ಕೆಲಸದ ಮೊದಲ ಹೆಜ್ಜೆಯನ್ನು ಹಳ್ಳಿಯಲ್ಲಿ ಇಡತಕ್ಕವರು ಊರಿನ ಮುಖಂಡರೂ ಜಮೀನುದಾರರೂ ಆಗಿರುವರು. ಕೋಳಿ ಸತ್ತ ಸುದ್ದಿಯು ಅದೇ ದಿನ ಪಶುವೈದ್ಯನಿಗೂ, ಕೋಳಿಯನ್ನು ಮುಟ್ಟಿದವನ ಜ್ವರದ ಸುದ್ದಿಯು ಎರಡು ದಿನಗಳೊಳಗೆ ವೈದ್ಯನಿಗೂ ಮುಟ್ಟಿದರೆ, ಈ ರೋಗದ ಉಗ್ರತೆಯಲ್ಲಿ ಬಹುಪಾಲನ್ನು ಊರಿನಲ್ಲಿಯೇ ತಡೆದಂತಾಗುವುದು.