ಡಾಕ್ಟರ್ ಫೋನಿನಲ್ಲಿ ಸಿಗುತ್ತಾರೆ, ಕಾರ್ಡು ಒಪ್ಪುವುದಿಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಕಳೆದ ವರ್ಷ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿದರು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಯೋಜನೆಯಲ್ಲೇ ಎಲ್ಲ ಆಯಿತು. ಈಗ ಚೆಕಪ್ಪಿಗೆ ಹೋಗುವುದೇ ಕಷ್ಟವಾಗಿದೆ. ಬೆಳಗಿನ ಬಸ್ಸಿಗೆ ಹೋದರೆ ಬರುವಾಗ ರಾತ್ರಿ, ಅಡಿಕೆ ಸುಲಿಯುವ ನನ್ನ ಆ ದಿನದ ಕೂಲಿಯೂ ಇಲ್ಲ. ‘ಪ್ರತಿ ಸಲ ಬರಬೇಡಿ, ವಿಡಿಯೊ ಕಾಲ್‌ನಲ್ಲೇ ನೋಡುತ್ತೇನೆ’ ಎಂದು ಡಾಕ್ಟರೇ ಹೇಳಿದರು. ಆದರೆ ಅದಕ್ಕೆ ಫೀಸು ಕೊಡಬೇಕು, ಕಾರ್ಡಿನಲ್ಲಿ ಆಗುವುದಿಲ್ಲವಂತೆ. ‘ಫೋನಿನಲ್ಲಿ ನೋಡುವುದು ಯಾವ ಸೀಮೆ ವೈದ್ಯ’ ಎಂದು ಅಣ್ಣ ರೇಗುತ್ತಾನೆ. ದುಡ್ಡು ಉಳಿಸಲು ಅಪ್ಪ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿರುವುದು ಮೊನ್ನೆ ಗೊತ್ತಾಯಿತು. ಅಪ್ಪನನ್ನು ನಾನೇ ಕಡೆಗಣಿಸಿದೆ ಅನ್ನಿಸಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಮಾತ್ರೆಯ ವಿಷಯ. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಡಾಕ್ಟರ್ ಹೇಳದೆ ಬಿಡಬಾರದು, ಕಡಿಮೆಯೂ ಮಾಡಬಾರದು. ಸ್ಟೆಂಟಿನೊಳಗೇ ರಕ್ತ ಗಟ್ಟಿಯಾದರೆ ಮತ್ತೆ ಅಟ್ಯಾಕ್ ಆಗಬಹುದು. ಅಪ್ಪನಿಗೆ ಇದನ್ನು ಇಂದೇ ತಿಳಿಸಿ ಹೇಳಿ, ಡಾಕ್ಟರಿಗೂ ಮುಚ್ಚಿಡದೆ ಹೇಳಿ. ಬೆಲೆ ಭಾರವಾದರೆ ಅದೇ ಔಷಧಿ ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಯೇ ವಿಚಾರಿಸಿ. ಎದೆನೋವು, ಉಸಿರುಗಟ್ಟುವಿಕೆ ಕಂಡರೆ ಮಾತ್ರ ಫೋನಿನಲ್ಲಿ ಡಾಕ್ಟರನ್ನು ಹುಡುಕುತ್ತ ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.

ಅಣ್ಣನ ಅನುಮಾನಕ್ಕೂ ಉತ್ತರವಿದೆ. 2002ರಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾಸ್ಪತ್ರೆಯ ಹೃದ್ರೋಗಿಗಳನ್ನು ಬೆಂಗಳೂರಿನ ತಜ್ಞರು ನೋಡತೊಡಗಿದ್ದರು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಮುಖತಃ ನೋಡಿದ ಡಾಕ್ಟರೇ ಅದೇ ಕಾಯಿಲೆಗೆ ಆರು ತಿಂಗಳೊಳಗೆ ಫೋನಿನಲ್ಲಿ ನೋಡಿದರೆ ಅದು ಫಾಲೋ-ಅಪ್ ಎಂದು ಆ ಮಾರ್ಗಸೂಚಿಯೇ ಒಪ್ಪುತ್ತದೆ. ಆರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ, ನಡುವೆ ವಿಡಿಯೊದಲ್ಲಿ ತೋರಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಅವರು ಕಳಿಸುವ ಚೀಟಿಯಲ್ಲಿ ಹೆಸರು, ನೋಂದಣಿ ಸಂಖ್ಯೆ, ಸಹಿ ಇರಲಿ.

ಹಣದ ಮಟ್ಟಿಗೆ ಈಗಲೇ ಇರುವ ದಾರಿ ಸರ್ಕಾರದ ಟೆಲಿಮೆಡಿಸಿನ್ ಸೇವೆಯಾದ ಇ-ಸಂಜೀವಿನಿ. ಊರಿನ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ, ಅಲ್ಲಿಂದಲೇ ಸರ್ಕಾರಿ ವೈದ್ಯರನ್ನು ಉಚಿತವಾಗಿ ಸಂಪರ್ಕಿಸಿ ಕೊಡುತ್ತಾರೆ. ಸ್ಟೆಂಟ್ ಹಾಕಿದ ನಿಮ್ಮ ಡಾಕ್ಟರೇ ಅಲ್ಲಿ ಸಿಗಲಾರರು, ಆದರೆ ತಿಂಗಳ ತಪಾಸಣೆಗೆ ಅದು ಸಾಕಾಗಬಹುದು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನೂ ಒಮ್ಮೆ ಕಂಡು, ಅಪ್ಪನ ಚಿಕಿತ್ಸೆಗೆ ಫಾಲೋ-ಅಪ್ ಪ್ಯಾಕೇಜ್ ಇದೆಯೇ ಎಂದು ಕೇಳಿ.

ಇನ್ನು ನಿಮ್ಮನ್ನು ಕಾಡುವ ತಪ್ಪಿತಸ್ಥ ಭಾವ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಆದರೆ ಈ ಯೋಜನೆಯ ರಚನೆಯೇ ಆಸ್ಪತ್ರೆಗೆ ದಾಖಲಾದವರಿಗಾಗಿ. ಆಯುಷ್ಮಾನ್ ಭಾರತದ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನಗಳ ಖರ್ಚಷ್ಟೇ ಸೇರುತ್ತದೆ. ಸ್ಟೆಂಟ್ ಹಾಕಲು ದುಡ್ಡಿದೆ, ಮತ್ತೆ ಹಾಕುವ ಹಾಗಾಗದಂತೆ ಕಾಯಲು ಇಲ್ಲ. ಈ ಕೊರತೆ ನಿಮ್ಮ ಪ್ರೀತಿಯಲ್ಲಿರುವುದಲ್ಲ, ಯೋಜನೆಯಲ್ಲಿದೆ. ನಿಮ್ಮ ಮೇಲೇಕೆ ಎಳೆದುಕೊಳ್ಳುತ್ತೀರಿ?

ಯೋಜನೆಯ ಈ ಕೊರತೆಯನ್ನು ಸರಿಪಡಿಸುವ ದಾರಿ ಕಾನೂನು. ಉದಾಹರಣೆಗೆ, ಹಿಂದೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನು ಪಾಲಿಸಿಯಿಂದ ಹೊರಗಿಡುತ್ತಿದ್ದವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮು, ದೇಹದ ಕಾಯಿಲೆಗೆ ಕೊಡುವಂತೆಯೇ ಇದಕ್ಕೂ ವಿಮೆ ಕೊಡಬೇಕೆಂದು ವಿಧಿಸಿತು. ಆದರೆ ಕಾನೂನು ಕಾಯಂ ಆಗಿರಬೇಕು ಎಂಬುದಕ್ಕೆ ಅಮೆರಿಕ ನೋಡಿ. ಅಲ್ಲಿ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್. 2020ರಲ್ಲಿ ಅಲ್ಲಿನ ಸಂಸತ್ತು, ರೋಗಿ ಮನೆಯಲ್ಲೇ ಕೂತು ವಿಡಿಯೊದಲ್ಲಿ ಡಾಕ್ಟರನ್ನು ಕಂಡರೂ ಮೆಡಿಕೇರ್ ಹಣ ಕೊಡಬಹುದೆಂದು ಒಪ್ಪಿತು. ಆದರೆ ಅದು ತಾತ್ಕಾಲಿಕ ಅನುಮತಿ. ಮತ್ತೆ ಮತ್ತೆ ಮುಂದುವರಿಸುತ್ತ ಬಂದು, 2025ರ ಅಕ್ಟೋಬರ್ 1ರಂದು ಸರ್ಕಾರದ ಕೆಲಸವೇ ಸ್ಥಗಿತಗೊಂಡಾಗ ಆ ಅನುಮತಿಯೂ ಬಿದ್ದುಹೋಯಿತು. ಮರಳಿ ಬಂದದ್ದು ನವೆಂಬರಿನಲ್ಲಿ. ಮಾನಸಿಕ ಚಿಕಿತ್ಸೆಗೆ ಮಾತ್ರ ಮನೆಯಿಂದಲೇ ನೋಡಿಸಿಕೊಳ್ಳುವ ಅವಕಾಶವನ್ನು ಮೊದಲೇ ಕಾಯಂ ಮಾಡಿದ್ದರು, ಅದು ಉಳಿಯಿತು. ತಾತ್ಕಾಲಿಕವಾಗಿ ಬಂದ ಸೌಲಭ್ಯ ಅವಧಿ ಮುಗಿದೊಡನೆ ಹೋಗಬಹುದು. ಶಾಸನದಲ್ಲಿ ಕಾಯಂ ಆಗಿ ಬರೆದದ್ದನ್ನು ತೆಗೆಯಲು ಸದನವೇ ಮತ್ತೆ ಒಪ್ಪಬೇಕು.

ಆದ್ದರಿಂದ ನಿಮ್ಮ ಶಾಸಕರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯದ ವಿಷಯ, ವಿಧಾನಸಭೆಯಲ್ಲಿ ಅವರು ಕೇಳಬಹುದು. ಮೂರು ಬೇಡಿಕೆ ಸಾಕು: ಯೋಜನೆಯಲ್ಲಿ ಆಪರೇಷನ್ ಆದವರಿಗೆ ಒಂದು ವರ್ಷದ ವಿಡಿಯೊ ತಪಾಸಣೆ ಕಾರ್ಡಿನಲ್ಲೇ ಸೇರಲಿ, ವಿಡಿಯೊಗೆ ಸಾಲುವಷ್ಟು ನೆಟ್‌ವರ್ಕ್ ಸಿಗದ ಊರಿನವರಿಗೆ ಬರಿಯ ಫೋನ್ ಕರೆಯನ್ನೂ, ಉಪಕೇಂದ್ರದಿಂದ ಮಾಡಿದ ಕರೆಯನ್ನೂ ಲೆಕ್ಕಕ್ಕೆ ಹಿಡಿಯಲಿ, ಮುಖತಃ ತೋರಿಸಿಕೊಳ್ಳುವ ಹಕ್ಕು ಕಡಿಮೆಯಾಗದಿರಲಿ. ಒಂದು ಚೆಕಪ್ಪಿಗೆ ಆಗುವ ಬಸ್ ಚಾರ್ಜು, ಹೋದ ಕೂಲಿ, ಫೀಸು ಎಲ್ಲವನ್ನೂ ಅದರಲ್ಲಿ ಬರೆಯಿರಿ. ಗ್ರಾಮಸಭೆಯಲ್ಲಿ ಅದನ್ನು ಓದಿ, ಇಂಥದೇ ಕಷ್ಟವಿರುವ ಮನೆಗಳ ಸಹಿ ಪಡೆಯಿರಿ. ಒಬ್ಬ ಮಗಳ ಅಳಲನ್ನು ಪಕ್ಕಕ್ಕಿಡುವುದು ಸುಲಭ, ಒಂದು ಊರಿನ ಲೆಕ್ಕವನ್ನು ಪಕ್ಕಕ್ಕಿಡುವುದು ಕಷ್ಟ. ಅಣ್ಣನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಪ್ಪನ ಚಿಂತೆ ನಿಮ್ಮಿಬ್ಬರದೂ ಹೌದು.